ಲಟ್ಟಣಿಗೆ ಮತ್ತು ಕೆಸುವಿನ ಎಲೆ

ನಮ್ಮೂರಿನ ಮದುವೆಯ ಫೋಟೋಗಳಲ್ಲಿ ಹೂವು ಮಾತ್ರ ಇರುತ್ತದೆ. ಎರಡು ಹಾರಗಳ ಹೂವು ಗಾಳಿಯಲ್ಲಿ ಸಾಲುಗಟ್ಟಿ ನಿಂತಿರುತ್ತದೆ, ಒಂದು ಹಾರದ ಮೇಲ್ಗಡೆ ಒಂದಿಷ್ಟು ಮಲ್ಲಿಗೆ ಬಿಲ್ಲಿನಂತೆ ಬಾಗಿರುತ್ತದೆ, ಹಿಂದೆ ಚಪ್ಪರದ ಕಂಬ ಮತ್ತು ಬಾಡಿಗೆ ಕುರ್ಚಿಗಳು. ಮದುಮಕ್ಕಳು ಮೂಡುವುದಿಲ್ಲ. ಅವರು ಉಟ್ಟದ್ದು ತೊಟ್ಟದ್ದು ಮೂಡುವುದಿಲ್ಲ, ಹಾರ ಪೋಣಿಸಿದ ದಾರ ಕೂಡ ಮೂಡುವುದಿಲ್ಲ. ಗಿಡದಲ್ಲಿ ತಾನಾಗಿ ಆದದ್ದು ಮಾತ್ರ ಯಾರ ಕೊರಳಲ್ಲಿದ್ದರೂ ಮೂಡುತ್ತದೆ. ಯಾವ ಹಾರ ಯಾರದೆಂದು ಎತ್ತರ ನೋಡಿ ಹೇಳುತ್ತೇವೆ, ತಪ್ಪಿದಾಗ ನಗುತ್ತೇವೆ.

ಬೇರೆ ಊರುಗಳಲ್ಲಿ ಹಾಗಲ್ಲ ಎಂಬುದು ನಮಗೆಲ್ಲ ಗೊತ್ತಿದೆ. ನಾನು ಕಾಲೇಜಿನಲ್ಲಿ ರಸಾಯನ ಮತ್ತು ಭೌತಶಾಸ್ತ್ರ ಓದಿದ್ದು ಪರಸ್ಥಳದಲ್ಲಿ. ಅಲ್ಲಿ ಗೆಳತಿಯರ ಜೊತೆ ತೆಗೆಸಿಕೊಂಡ ಗುಂಪಿನ ಫೋಟೋದಲ್ಲಿ ನನ್ನ ಮುಖ ನಡುವೆಯೇ ಮೂಡಿತ್ತು. ರಜೆಗೆ ಬಂದಾಗ ಅವ್ವನಿಗೆ ತೋರಿಸಿದೆ. ಅವಳು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುವಿ ನೋಡಿ, "ಎಲ್ಲಾ ಮೂಗು ಕಣ್ಣ ಅದಾವ. ಇದರಾಗ ನೀ ಎಲ್ಲದೀ?" ಎಂದಳು. ನಾನು ಬೆರಳಿಟ್ಟು ತೋರಿಸಿದರೂ ಅವಳಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಫೋಟೋದ ಅಂಚಿನಲ್ಲಿ ಬಿದ್ದಿದ್ದ ನನ್ನ ಕೊಡೆಯನ್ನು ಕಂಡು, "ಹಾಂ, ಇಲ್ಲದೀ ನೋಡು" ಎಂದು ಹಿಗ್ಗಿದಳು.

ಮನುಷ್ಯ ಮೂಡದ ಊರಿನಲ್ಲಿ ಗುರುತಿಗೆ, ಸಂಬಂಧ ಕೇಳುವುದಕ್ಕೆ, ಸತ್ತ ಮೇಲೆ ಗೋಡೆಗೆ ತೂಗುಹಾಕುವುದಕ್ಕೆ ನಾವು ಜೋಡಿ ತೆಗೆಸುತ್ತೇವೆ. ಜೋಡಿ ಎಂದರೆ ಎರಡು ವಸ್ತು: ಮನುಷ್ಯರ ಕೈ ಮಾಡಿದ್ದೊಂದು, ತಾನಾಗಿ ಆದದ್ದೊಂದು. ಅಂಚೆಯ ರುದ್ರಯ್ಯ ಸೈಕಲ್ಲಿನ ಗಂಟೆಯ ಪಕ್ಕ ಕಾಗೆಯ ಗರಿ ಇಟ್ಟಿದ್ದ. ಕ್ಷೌರದಂಗಡಿಯವನು ಕನ್ನಡಿಯ ಎದುರು ಅಳಲೆಕಾಯಿ ಇಟ್ಟಿದ್ದ. ಯಾಕೆಂದು ಕೇಳಿದರೆ ಅವನ ಹೆಂಡತಿ ನಕ್ಕು ಒಳಗೆ ಹೋಗುತ್ತಾಳೆ. ಆರಿಸುವುದು ಅವರವರೇ, ಮೇಜಿನ ಮೇಲೆ ಇಡುವುದೂ ಅವರ ಕೈಯೇ. ಫೋಟೋ ತೆಗೆಯುವವರು ವಸ್ತುಗಳನ್ನು ಮುಟ್ಟಬಾರದು. ನನ್ನ ಸೋದರಮಾವ ಸ್ಟುಡಿಯೋವನ್ನು ನನಗೆ ಒಪ್ಪಿಸುವಾಗ ಹೇಳಿದ್ದು ಅದೊಂದೇ: "ಬೆಳಕನ್ನ ಬೇಕಾದಂಗ ಸರಸು. ವಸ್ತುಕ್ಕ ಕೈ ಹಚ್ಚಬ್ಯಾಡ." ನಾನು ಬಿಳಿ ರಟ್ಟು ಹಿಡಿದು ಬಡಗಣ ಕಿಟಕಿಯ ಬೆಳಕನ್ನು ಎಲೆಯ ಕಡೆಗೆ ತುಸು ತಿರುಗಿಸುತ್ತೇನೆ, ಕಬ್ಬಿಣದ ಕಡೆಗೆ ತುಸು ಕಡಿಮೆ ಮಾಡುತ್ತೇನೆ. ಕಬ್ಬಿಣ ನಾಳೆಯವರೆಗೂ ಕಾಯುತ್ತದೆ, ಎಲೆ ಕಾಯುವುದಿಲ್ಲ. ನನ್ನ ಕಸುಬಿನ ಆತುರವೆಲ್ಲ ಎಲೆಯ ಕಡೆಯದು.

ಜೋಡಿಗೆ ಇನ್ನೊಂದು ಕೆಲಸವಿದೆ. ಮನುಷ್ಯ ಸತ್ತಾಗ ಆದದ್ದನ್ನು ಅವನ ಜೊತೆ ಮಣ್ಣಿಗೆ ಕೊಡುತ್ತಾರೆ. ಮಾಡಿದ್ದು ಅವನು ಹೆಸರಿಸಿದವರಿಗೆ ಹೋಗುತ್ತದೆ, ಅದರ ಹಿಂದೆ ಅದು ದುಡಿದ ಜಾಗವೂ ಹೋಗುತ್ತದೆ. ತಕ್ಕಡಿ ಪಡೆದವರಿಗೆ ಅಂಗಡಿ, ಮಗ್ಗದ ಲಾಳಿ ಪಡೆದವರಿಗೆ ಮಗ್ಗದ ಮನೆ. ಪಂಚರು ಚಿತ್ರ ನೋಡುತ್ತಾರೆ, ಎರಡೂ ಮೂಡಿದ್ದರೆ ತಲೆಯಾಡಿಸುತ್ತಾರೆ, ಮಾತು ಮುಗಿಯುತ್ತದೆ.

ಗಂಗಮಾಳವ್ವ ನನ್ನ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಪೇಟೆಯ ನಡುವೆ ಖಾನಾವಳಿ ನಡೆಸುವವಳು. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದವಳು, ಆ ಒಲೆಯೊಂದನ್ನೇ ನಂಬಿ ಬದುಕಿದವಳು. ಅವಳ ಚಪಾತಿ ತಿನ್ನದೆ ಬೆಳೆದವರು ಊರಿನಲ್ಲಿ ಕಡಿಮೆ. ಮೇಲಿನ ಮೆಟ್ಟಿಲಿನಲ್ಲಿ ನಿಂತು ಬಹಳ ಹೊತ್ತು ಏದುಸಿರು ಬಿಟ್ಟಳು. ಹಿಂದೆ ಹಿತ್ತಾಳೆಯ ಚರಿಗೆಯಲ್ಲಿ ನೀರು ತುಂಬಿ, ಅದರೊಳಗೆ ಒಂದು ಕೆಸುವಿನ ಎಲೆ ನಿಲ್ಲಿಸಿಕೊಂಡು ದ್ರಾಕ್ಷಾಯಣಿ ಬಂದಳು. ಅವಳು ಗಂಗಮಾಳವ್ವನಿಗೆ ಬಳಗವಲ್ಲ. ಗಂಡನ ಮನೆಯವರು ಹೊರಗೆ ಹಾಕಿದ ದಿನ ಖಾನಾವಳಿಗೆ ಊಟಕ್ಕೆಂದು ಬಂದವಳು, ಉಂಡ ಮೇಲೆ ತನ್ನ ತಾಟು ತಾನೇ ತೊಳೆದಳು, ಉಳಿದವರದನ್ನೂ ತೊಳೆದಳು, ಅಲ್ಲೇ ಉಳಿದಳು.

"ಡಾಕ್ಟರ್ ಎದಿ ದೊಡ್ಡದಾಗೈತಿ ಅಂದಾನ" ಎಂದಳು ಗಂಗಮಾಳವ್ವ, ಬೆಂಚಿನ ಮೇಲೆ ಕೂರುತ್ತ. "ಇಷ್ಟ ಮಂದಿಗೆ ಉಣ್ಣಾಕ ಹಾಕಿದ ಮ್ಯಾಲ ಸಣ್ಣದಾಗೇ ಇರತೈತೇನು? ಅದಕ್ಕ ನಿನ್ನ ಕಡೆ ಜೋಡಿ ತಗಸಾಕ ಬಂದೀನಿ, ಮಗಳ ಇಂದೂ. ಮಾಡಿದ್ದು ಈ ದ್ರಾಕ್ಷಿಗೆ ಹೋಗಬೇಕು."

ಸೆರಗಿನೊಳಗಿಂದ ಲಟ್ಟಣಿಗೆ ತೆಗೆದಳು. ಕರಿಮರದ್ದು, ನಡುವೆ ತುಸು ಸವೆದದ್ದು. ಬಲಗಡೆಯ ಹಿಡಿಯ ಹತ್ತಿರ ಒಂದು ಸಣ್ಣ ಸೀಳು ಇತ್ತು. ಆ ಸೀಳಿನ ಮೇಲೆ ಅವಳ ಬಲ ಹೆಬ್ಬೆರಳು ತಾನಾಗಿ ಹೋಗಿ ಕೂತಿತು. ಖಾನಾವಳಿಯಲ್ಲಿ ಆ ಲಟ್ಟಣಿಗೆಯನ್ನು ಅವಳೊಬ್ಬಳೇ ಮುಟ್ಟುತ್ತಿದ್ದಳು. ದ್ರಾಕ್ಷಾಯಣಿಯದು ರೊಟ್ಟಿ ಬಡಿಯುವ ಕೆಲಸ.

"ಎಲಿ ಎಲ್ಲೀದು?" ಎಂದು ಕೇಳಿದೆ. ನೆಟ್ಟು ನೀರು ಹಾಕಿದ್ದನ್ನು ಆದದ್ದೆನ್ನಬಹುದೇ ಎಂಬ ಬಗ್ಗೆ ನನಗೆ ಯಾವಾಗಲೂ ಅನುಮಾನ.

"ಹಿತ್ತಲ ಬಚ್ಚಲ ಮೋರಿದು. ಯಾರೂ ಹಚ್ಚಿಲ್ಲ. ಮುಸುರಿ ನೀರ ಕುಡದು ತಾನ ಎದ್ದೈತಿ."

"ನನ್ನಂಗ" ಎಂದಳು ದ್ರಾಕ್ಷಾಯಣಿ.

"ನಿನ್ನಂಗ ಅಲ್ಲ. ಅದು ಸುಮ್ನ ಇರತೈತಿ."

ಗಂಗಮಾಳವ್ವ ಎದ್ದು ಮೇಜಿನ ಮೇಲಿನ ಬೂದು ಬಟ್ಟೆಯ ಮೇಲೆ ಲಟ್ಟಣಿಗೆಯನ್ನು ಅಡ್ಡ ಇಟ್ಟಳು. ಅದಕ್ಕೆ ಒರಗುವಂತೆ ಎಲೆ ಇಟ್ಟಳು, ಚರಿಗೆಯಲ್ಲಿ ಬೆರಳದ್ದಿ ಎಲೆಯ ಮೇಲೆ ಒಂದು ಹನಿ ಬಿಟ್ಟಳು. ಹನಿ ಎಲೆಗೆ ಅಂಟದೆ ಮುತ್ತಿನಂತೆ ನಡುವಿಗೆ ಉರುಳಿ ನಿಂತಿತು. ಒಂದು ಕಡೆ ಸವೆದು ಮಿನುಗುವ ಕರಿಮರ, ಇನ್ನೊಂದು ಕಡೆ ಇನ್ನೊಂದು ಗಳಿಗೆಗೆ ಬಾಡಲಿರುವ ಹಸಿರು. ನಾನು ಉಸಿರು ಹಿಡಿದು ತೆಗೆದೆ.

ಕತ್ತಲೆ ಕೋಣೆಯಲ್ಲಿ ಕಾಗದವನ್ನು ತೊಟ್ಟಿಯಲ್ಲಿ ಅದ್ದಿದಾಗ ಎಲೆ ಮೊದಲು ಎದ್ದಿತು, ನರನರವೂ ಎದ್ದಿತು, ಹನಿ ಎದ್ದಿತು. ಲಟ್ಟಣಿಗೆ ಏಳಲಿಲ್ಲ. ಅದು ಇರಬೇಕಾದ ಕಡೆ, ಅದಕ್ಕೆ ಮೆತ್ತಿದ್ದ ಹಿಟ್ಟಿನ ತೆಳುವಾದ ಪುಡಿ ಮಾತ್ರ ಗಾಳಿಯಲ್ಲಿ ದುಂಡಗೆ ನಿಂತಿತ್ತು. ಎಲೆ ಏನೂ ಇಲ್ಲದ ಕಡೆಗೆ ಒರಗಿಕೊಂಡಿತ್ತು.

ನಾನು ಮೊದಲು ನನ್ನ ಕೆಲಸವನ್ನೇ ಶಂಕಿಸಿದೆ. ಕರಿಮರ, ಬೆಳಕು ಸಾಲದೆ ಹೋಗಿರಬಹುದು. ಬಿಳಿ ಬಟ್ಟೆ ಹಾಸಿದೆ, ಇನ್ನೂ ಹೆಚ್ಚು ಹೊತ್ತು ಬೆಳಕು ಕೊಟ್ಟೆ, ಅವಳ ಕೈಯಿಂದಲೇ ಒರೆಸಿ ಇಡಿಸಿ ಮತ್ತೆ ತೆಗೆದೆ. ಒರೆಸಿದ ಮೇಲೆ ಹಿಟ್ಟಿನ ಗುರುತೂ ಉಳಿಯಲಿಲ್ಲ. ಪಕ್ಕದಲ್ಲಿ ನನ್ನ ಅಳತೆಪಟ್ಟಿ ಇಟ್ಟು ತೆಗೆದೆ. ಅಳತೆಪಟ್ಟಿ ಒಂದೊಂದು ಗೆರೆಯ ಸಮೇತ ಮೂಡಿತು.

ಚಿತ್ರಗಳನ್ನು ಗಂಗಮಾಳವ್ವನ ಮುಂದಿಟ್ಟೆ. ಅವಳು ತನ್ನ ಬಲಗೈ ಎತ್ತಿ, ಚಿತ್ರವನ್ನೂ ಕೈಯನ್ನೂ ಸರದಿಯ ಮೇಲೆ ನೋಡಿದಳು. "ಅಂದ್ರ ಇದು ನನ್ನ ಮೈ ಆಗಿ ಹೋಗೈತಿ" ಎಂದಳು. ಹೆಮ್ಮೆಯೋ ಅಂಜಿಕೆಯೋ ತಿಳಿಯಲಿಲ್ಲ.

ಮೂಡದ್ದು ಮೈ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಮೈಯನ್ನು ಯಾರೂ ಯಾರಿಗೂ ಕೊಡಲು ಬರುವುದಿಲ್ಲ, ಅದು ಮನುಷ್ಯನ ಜೊತೆ ಮಣ್ಣಿಗೆ ಹೋಗುತ್ತದೆ. ಲಟ್ಟಣಿಗೆ ಮಣ್ಣಿಗೆ ಹೋದರೆ ಖಾನಾವಳಿ ಗಂಗಮಾಳವ್ವನ ಗಂಡನ ಮನೆಯವರಿಗೆ, ಅಂದರೆ ಮೈದುನ ಮುರಿಗೆಪ್ಪನಿಗೆ ಹೋಗುತ್ತದೆ. ದ್ರಾಕ್ಷಾಯಣಿ ಮತ್ತೆ ಬೀದಿಗೆ ಬೀಳುತ್ತಾಳೆ.

ಮುರಿಗೆಪ್ಪ ಕೆಟ್ಟವನಲ್ಲ. ಮೂವರು ಗಂಡುಮಕ್ಕಳಿದ್ದ ಅವನಿಗೆ ಪೇಟೆಯ ನಡುವಿನ ಆ ಜಾಗದಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಡುವ ಆಸೆ ಹಳೆಯದು. ಅದನ್ನು ಅವನು ಮುಚ್ಚಿಡುತ್ತಲೂ ಇರಲಿಲ್ಲ. ದಿನಾ ಮಧ್ಯಾಹ್ನ ಅಲ್ಲಿಗೇ ಊಟಕ್ಕೆ ಬಂದು, ಚಪಾತಿ ಮುರಿಯುತ್ತ, ಮೊಳೆ ಎಲ್ಲಿ ಜೋಡಿಸಬೇಕು, ತಂತಿ ಎಲ್ಲಿ ತೂಗುಹಾಕಬೇಕು ಎಂದು ಗೋಡೆ ನೋಡುತ್ತ ಲೆಕ್ಕ ಹಾಕುತ್ತಿದ್ದ. ಸುದ್ದಿ ಕೇಳಿ ಅವನೂ ತಲೆ ತಗ್ಗಿಸಿದ. "ನಾ ಏನ್ ಮಾಡ್ಲಿ ವೈನಿ? ರೀತಿ ಅಂದ್ರ ರೀತಿ. ಮೂಡದ್ದು ಮೈ. ಮೈನ ಕೊಡಾಕ ಬರೂದಿಲ್ಲ" ಎಂದು ಹೇಳಿ, ಇನ್ನೊಂದು ಚಪಾತಿ ಹಾಕಿಸಿಕೊಂಡ.

ಅಂದು ದ್ರಾಕ್ಷಾಯಣಿ ನನ್ನನ್ನು ಖಾನಾವಳಿಯ ಬಾಗಿಲ ತನಕ ಬಿಡಲು ಬಂದು ಮೆಲ್ಲಗೆ ಕೇಳಿದಳು. "ಅಕ್ಕಾರ, ಬಡಿಗ್ಯಾರ ಕಡೆ ಇಂಥಾದ ಇನ್ನೊಂದು ಮಾಡಿಸಿ ಇಟ್ರ? ಯಾರಿಗೆ ಗೊತ್ತಾಗತೈತಿ?"

ಒಳಗಿನಿಂದಲೇ ಗಂಗಮಾಳವ್ವನ ದನಿ ಬಂತು. "ಲಟ್ಟಣಿಗಿಗೆ ಗೊತ್ತಾಗತೈತಿ. ಸುಮ್ನ ಒಳಗ ಬಾ."

ಆ ವಾರವಿಡೀ ನಾನು ಮಾವನ ಮನೆಯ ಹಳೆಯ ಚಿತ್ರಗಳನ್ನು ತೆಗೆದು ನೋಡಿದೆ. ಮಾವ ತೀರಿಕೊಂಡಾಗ ಅವನ ಎರಡು ವಸ್ತು ಮನೆಯಲ್ಲಿ ಉಳಿದವು: ಕನ್ನಡಕ ಮತ್ತು ಊರುಗೋಲು. ಎರಡೂ ಅವನಿದ್ದಾಗ ಮೂಡುತ್ತಿರಲಿಲ್ಲ. ಮಣ್ಣಿಗೆ ಕೊಡಲು ಅತ್ತೆಗೆ ಮನಸ್ಸಾಗಲಿಲ್ಲ, ಪಂಚರೂ ಅಷ್ಟು ದೊಡ್ಡದು ಮಾಡಲಿಲ್ಲ. ಕನ್ನಡಕ ಪೆಟ್ಟಿಗೆಯಲ್ಲಿ ಕೂತಿತು. ಅದು ಚಿತ್ರದಲ್ಲಿ ಮೂಡಲು ಹಲವಾರು ವರ್ಷ ಹಿಡಿಯಿತು. ಊರುಗೋಲನ್ನು ಅತ್ತೆ ಊರಲು ಶುರುಮಾಡಿದಳು. ಅದು ಮಳೆಗಾಲ ಮುಗಿಯುವುದರೊಳಗೆ ಮೂಡಿತ್ತು. ಎರಡೇ ಉದಾಹರಣೆಯಿಂದ ನಿಯಮ ಕಟ್ಟಬಾರದೆಂದು ನನಗೆ ಕಲಿಸಿದ್ದಾರೆ. ಆದರೂ ಬೇರೆ ದಾರಿ ಇರಲಿಲ್ಲ. ವಸ್ತುವನ್ನು ಬರಿದೆ ಬಿಟ್ಟರೆ ಅದು ನಿಧಾನವಾಗಿ ಮೈ ಕಳಚಿಕೊಳ್ಳುತ್ತದೆ; ಇನ್ನೊಬ್ಬರ ಕೈ ಹಚ್ಚಿದರೆ ಬೇಗ. ಡಾಕ್ಟರ ಮಾತು ನೋಡಿದರೆ ಗಂಗಮಾಳವ್ವನಿಗೆ ಪೆಟ್ಟಿಗೆಯ ದಾರಿಗೆ ಸಮಯವಿರಲಿಲ್ಲ.

ಖಾನಾವಳಿಗೆ ಹೋಗಿ ಗಂಗಮಾಳವ್ವನಿಗೆ ಹೇಳಿದೆ. "ಇನ್ನ ಮ್ಯಾಲ ಲಟ್ಟಣಿಗಿ ನೀ ಹಿಡೀಬಾರದು, ಚಿಗವ್ವಾ. ಆಕಿ ಲಟ್ಟಿಸಬೇಕು, ದಿನಾ. ನೀ ಚಿತ್ರಕ್ಕ ಇಡಾಕ ಅಷ್ಟ ಮುಟ್ಟು."

ಗಂಗಮಾಳವ್ವ ಒಲೆಯ ಮುಂದೆ ನಿಂತಿದ್ದಳು. ಲಟ್ಟಣಿಗೆ ಕೈಯಲ್ಲಿತ್ತು, ಮಣೆಯ ಮೇಲೆ ಅರ್ಧ ಲಟ್ಟಿಸಿದ ಚಪಾತಿಯಿತ್ತು. ಅದನ್ನು ಪೂರ್ತಿ ಲಟ್ಟಿಸಿದಳು, ಕಾವಲಿಗೆ ಹಾಕಿದಳು, ಉಬ್ಬಿದ ಮೇಲೆ ತೆಗೆದಳು. ಆಮೇಲೆ ಲಟ್ಟಣಿಗೆಯನ್ನು ಸೆರಗಿನಿಂದ ಒರೆಸಿ ದ್ರಾಕ್ಷಾಯಣಿಯ ಕಡೆ ಚಾಚಿದಳು. ದ್ರಾಕ್ಷಾಯಣಿ ಎಡಗೈ ಮುಂದೆ ಮಾಡಿದಳು.

"ಅದೂ ಎಡಗೈಲೆ ತಗೋತಾಳ ನೋಡು, ಎಡಚಿ" ಎಂದು ಗಂಗಮಾಳವ್ವ ಮುಖ ತಿರುಗಿಸಿಕೊಂಡಳು.

ಮೊದಲ ದಿನಗಳು ಊರಿಗೇ ಕಷ್ಟದವು. ದ್ರಾಕ್ಷಾಯಣಿಯ ಎಡಗೈಗೆ ಒತ್ತು ಹೆಚ್ಚು, ಬಲಗೈ ಸೀಳಿನ ತುದಿಯಲ್ಲಿ ಸುಮ್ಮನೆ ಜೊತೆಗೆ ಬರುತ್ತಿತ್ತು. ಚಪಾತಿ ಒಂದು ಕಡೆ ತೆಳ್ಳಗಾಗಿ ಇನ್ನೊಂದು ಕಡೆ ದಪ್ಪಗಾಗುತ್ತಿತ್ತು. ಊಟಕ್ಕೆ ಕೂತವರು ಒಬ್ಬರಿಗೊಬ್ಬರು ತಮ್ಮ ತಾಟು ತೋರಿಸಿ, "ನಂದು ನೋಡು, ಮಗ್ಗಲಿಗೆ ಬಾಲ ಬಂದೈತಿ" ಎಂದರೆ, "ನಂದಕ್ಕ ಕಿವಿ ಬಂದಾವ, ಇನ್ನೇನ ಎದ್ದ ಓಡತೈತಿ" ಎನ್ನುತ್ತಿದ್ದರು. ಮುರಿಗೆಪ್ಪ ಮಾತ್ರ ನಗಲಿಲ್ಲ. ಅವನು ದಪ್ಪ ಕಡೆಯನ್ನು ಅಗಿಯುತ್ತ, ಬಾಗಿಲ ಕಡೆ ನೋಡುತ್ತ, ಬೇರೆ ಏನನ್ನೋ ನೆನೆಸುವಂತೆ ಉಣ್ಣುತ್ತಿದ್ದ.

ಗಂಗಮಾಳವ್ವನಿಗೆ ನಿಲ್ಲಲೂ ಆಗುತ್ತಿರಲಿಲ್ಲ, ಸುಮ್ಮನಿರಲೂ ಆಗುತ್ತಿರಲಿಲ್ಲ. ಆ ಖಾನಾವಳಿಯಲ್ಲಿ ಅವಳಿಗೆಂದು ಕೂರಲು ಒಂದು ವಸ್ತುವೇ ಇರಲಿಲ್ಲ. ಅವಳು ಎಂದೂ ಕೂತವಳಲ್ಲ. ದ್ರಾಕ್ಷಾಯಣಿ ಸಂತೆಯಿಂದ ಒಂದು ಮರದ ಸ್ಟೂಲ್ ತಂದು ಹಿತ್ತಲ ಬಾಗಿಲ ಹತ್ತಿರ, ಕೆಸುವಿನ ಗಿಡ ಕಾಣುವಂತೆ ಹಾಕಿದಳು. ಅಲ್ಲಿ ಕೂತು ಗಂಗಮಾಳವ್ವ ಬೈಯುತ್ತಿದ್ದಳು.

"ಅದನ್ಯಾಕ ಕುತಗಿ ಹಿಚಕಿದಂಗ ಹಿಚಕ್ತಿ? ಅದೇನ ನಿನ್ನ ಗಂಡ ಅಲ್ಲ."

"ಗಂಡ ಆಗಿದ್ರ ಇಷ್ಟ ಹೊತ್ತಿಗೆ ಉದ್ದಾಗಿರ್ತಿದ್ದ" ಎಂದಳು ದ್ರಾಕ್ಷಾಯಣಿ, ಲಟ್ಟಿಸುವುದನ್ನು ನಿಲ್ಲಿಸದೆ.

"ಹಿಟ್ಟಿಗೆ ಜೀವ ಐತವಾ. ದಬ್ಬಬ್ಯಾಡ, ಕರಿ. ತಾನ ಬರತೈತಿ."

"ಕರೀತಾನ ಅದೀನಿ. ಕಿವಿ ಕೇಳವೊಲ್ದು ಅದಕ್ಕ."

ಮಾತಾಡುತ್ತಿರುವಾಗ ಗಂಗಮಾಳವ್ವನ ಎರಡು ಕೈಗಳೂ ತೊಡೆಯ ಮೇಲೆ ಹಿಂದೆ ಮುಂದೆ ಉರುಳುತ್ತಿದ್ದವು. ಅವಳಿಗೆ ಅದು ಗೊತ್ತಿರಲಿಲ್ಲ. ಒಮ್ಮೆ ಗೊತ್ತಾಗಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಳು. ಆಗ ಅವಳ ಕಣ್ಣು ತುಂಬಿದ್ದನ್ನು ನಾನು ಕಂಡೆ. ಕಂಡೆನೆಂದು ಅವಳಿಗೆ ತಿಳಿಯದಿರಲಿ ಎಂದು ಕ್ಯಾಮೆರಾದ ಕಾಲು ಸರಿಮಾಡುತ್ತ ಬಗ್ಗಿದೆ.

ಅವಳಿಗೆ ನನ್ನ ಮೆಟ್ಟಿಲು ಹತ್ತಲಾಗದ ಕಾರಣ ವಾರಕ್ಕೊಮ್ಮೆ ನಾನೇ ಅಲ್ಲಿಗೆ ಹೋಗಿ ತೆಗೆಯುತ್ತಿದ್ದೆ. ಅದೇ ಬೂದು ಬಟ್ಟೆ, ಅದೇ ಹೊತ್ತಿನ ಬೆಳಕು, ಸೀಳಿದ ಹಿಡಿ ಯಾವಾಗಲೂ ಬಲಕ್ಕೆ. ಎಲೆ ಮಾತ್ರ ಪ್ರತಿ ವಾರ ಹೊಸದು, ಪ್ರತಿ ವಾರ ಅದು ಒಂದೇ ರೀತಿ ಮೂಡುತ್ತಿತ್ತು. ಲಟ್ಟಣಿಗೆ ಮೊದಲು ಹೊಗೆಯಂತೆ ಬಂತು. ಮೊದಲು ಬಂದದ್ದು ಎಡಗಡೆಯ ತುದಿ. ಆಮೇಲೆ ನಡುಭಾಗಕ್ಕೆ ಮರದ ಗೆರೆಗಳು ಬಂದವು. ಬಲಗಡೆ, ಅವಳ ಹೆಬ್ಬೆರಳು ಕೂತಿದ್ದ ಕಡೆ, ಎಲ್ಲಕ್ಕಿಂತ ಕೊನೆಯದು. ಮಳೆ ಬೀಳುವ ಹೊತ್ತಿಗೆ ಬಲತುದಿಯ ಸೀಳು ಒಂದಷ್ಟು ಮಸುಕಾಗಿದ್ದುದು ಬಿಟ್ಟರೆ ಲಟ್ಟಣಿಗೆ ಹೆಚ್ಚುಕಡಿಮೆ ಮೂಡಿಯೇ ಬಿಟ್ಟಿತ್ತು. ಚಪಾತಿಯೂ ದುಂಡಗಾಗಿತ್ತು.

"ಇನ್ನೊಂದ ಸಲ" ಎಂದೆ ನಾನು. "ಮುಂದಿನ ಸಲ ಪೂರಾ ಬರತೈತಿ."

ಆ ನಡುವೆಯೇ ಗಂಗಮಾಳವ್ವನಿಗೆ ಒಂದು ಮಧ್ಯಾಹ್ನ ಉಸಿರು ಕಟ್ಟಿತು. ಸ್ಟೂಲಿನಿಂದ ಕುಸಿದವಳನ್ನು ಎತ್ತಿ ಮಲಗಿಸಿದ್ದು ಊಟಕ್ಕೆ ಬಂದಿದ್ದ ಮುರಿಗೆಪ್ಪನೇ. ಡಾಕ್ಟರು ಬಂದು ಹೋದ ಮೇಲೆ ಅವನು ಪಂಚರ ಮನೆಗೆ ಹೋದ. ಅವಳು ಮಾತಾಡುವ ಸ್ಥಿತಿಯಲ್ಲಿರುವಾಗಲೇ ತೀರ್ಮಾನವಾಗಲಿ, ಆಮೇಲೆ ಹೆಣದ ಮುಂದೆ ಜಗಳ ಬೇಡ ಎಂದು ಕೇಳಿಕೊಂಡ. ಅದೂ ಸರಿಯಾದ ಮಾತೇ ಆಗಿತ್ತು. ಪಂಚರ ಹಿರಿಯ ಫಕೀರಪ್ಪ ಮಾಸ್ತರ ದಿನ ಗೊತ್ತುಮಾಡಿದರು: ಎಲ್ಲರ ಎದುರು ಜೋಡಿ ತೆಗೆಯಬೇಕು, ಎಲ್ಲರ ಎದುರು ಅದು ಮೂಡಬೇಕು.

ಅಂದು ಖಾನಾವಳಿಯ ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಗಂಗಮಾಳವ್ವನನ್ನು ಕೈಹಿಡಿದು ತಂದರು. ದ್ರಾಕ್ಷಾಯಣಿ ಮೋರಿಯ ಹತ್ತಿರ ಹೋಗಿ ಎಲೆ ಕೊಯ್ದು ತಂದಳು. ಮುದುಕಿ ಲಟ್ಟಣಿಗೆ ಇಟ್ಟಳು, ಎಲೆ ಒರಗಿಸಿದಳು, ಹನಿ ಬಿಟ್ಟಳು. ಹನಿ ಎರಡು ಸಲ ಉರುಳಿ ಹೋಯಿತು, ಮೂರನೆಯ ಸಲ ನಿಂತಿತು. ನಾನು ತೆಗೆದೆ. ಸ್ಟುಡಿಯೋದಲ್ಲಿ ಕ್ಯಾಮೆರಾದ ಗಾಜಿನ ಪ್ಲೇಟು ತೊಳೆದು ಒಣಗಲು ಬಿಟ್ಟೆ. ಅಷ್ಟರಲ್ಲಿ ಪಂಚರು ಚಹಾ ಕುಡಿದರು. ಆಮೇಲೆ ಫಕೀರಪ್ಪ ಮಾಸ್ತರ ಮತ್ತು ಮುರಿಗೆಪ್ಪ ಇಬ್ಬರೂ ನನ್ನ ಇಕ್ಕಟ್ಟಾದ ಕತ್ತಲೆ ಕೋಣೆಯೊಳಗೆ ನನ್ನ ಎರಡೂ ಭುಜಕ್ಕೆ ತಾಕುವಂತೆ ನಿಂತರು. ಕೆಂಪು ದೀಪದಲ್ಲಿ ಕಾಗದವನ್ನು ತೊಟ್ಟಿಗೆ ಅದ್ದಿದೆ.

ಎಲೆ ಎದ್ದಿತು. ಹನಿ ಎದ್ದಿತು. ಲಟ್ಟಣಿಗೆಯ ಬಲತುದಿ ಎದ್ದಿತು, ಈ ಸಲ ಸೀಳು ಸೂಜಿಯಲ್ಲಿ ಗೀಚಿದಷ್ಟು ಸ್ಪಷ್ಟ. ನಡುವಿನವರೆಗೆ ಮರ ಬಂತು. ಅಲ್ಲಿಂದಾಚೆ ಎಡಗಡೆ ಏನೂ ಬರಲಿಲ್ಲ. ನಾನು ತೊಟ್ಟಿಯನ್ನು ಅಲುಗಿಸಿದೆ, ಮತ್ತೆ ಅಲುಗಿಸಿದೆ. ಬೂದು ಬಟ್ಟೆಯ ನೇಯ್ಗೆ ಮಾತ್ರ ಕಂಡಿತು.

"ಅರ್ಧಾ" ಎಂದ ಮುರಿಗೆಪ್ಪ. ಅವನ ದನಿಯಲ್ಲಿ ಗೆದ್ದ ಸಂತೋಷ ಇರಲಿಲ್ಲ.

ಖಾನಾವಳಿಗೆ ಮರಳಿ ಚಿತ್ರವನ್ನು ಮೇಜಿನ ಮೇಲಿಟ್ಟೆವು. ಬಾಯಿಂದ ಬಾಯಿಗೆ ಮಾತು ಹೋಯಿತು. ದ್ರಾಕ್ಷಾಯಣಿ ಒಲೆಯ ಕಡೆ ತಿರುಗಿ ನಿಂತಳು.

"ಕೊಟ್ಟಂಗ ಮಾಡಿ ಜಗ್ಗಾಕತ್ತಾಳ ವೈನಿ" ಎಂದ ಮುರಿಗೆಪ್ಪ. "ಬಿಡಾಕ ಮನಸಿಲ್ಲ, ಅದಕ್ಕ ಲಟ್ಟಣಿಗಿ ಹೊಳ್ಳಿ ಆಕಿ ಕಡೆ ಹೊಂಟೈತಿ. ತಪ್ಪಂತ ನಾ ಅನ್ನೂದಿಲ್ಲ. ಆದ್ರ ರೀತಿ ಏನು? ಮೂಡದ್ದು ಮೈ. ಅರ್ಧಾ ಮೈ ಇದ್ರೂ ಮೈನ."

ಗಂಗಮಾಳವ್ವ ಸ್ಟೂಲಿನ ಮೇಲೆ ಕುಗ್ಗಿ ಕೂತಿದ್ದಳು. "ನಾ ಮುಟ್ಟಿಲ್ಲಪಾ" ಎಂದಳು ಮೆಲ್ಲಗೆ. "ಖರೇ ಮುಟ್ಟಿಲ್ಲ."

ನಾನು ಪ್ರತಿ ವಾರದ ಚಿತ್ರಗಳನ್ನೂ ಜೊತೆಗೆ ತಂದಿದ್ದೆ. ಪೂರ್ತಿ ಮೂಡಿದ್ದರೆ ಅವುಗಳ ಅಗತ್ಯವೇ ಬೀಳುತ್ತಿರಲಿಲ್ಲ. ಅವನ್ನು ಒಂದರ ಪಕ್ಕ ಒಂದರಂತೆ ಬೆಂಚಿನ ಮೇಲೆ ಹರಡಿದೆ. ಏನು ಹೇಳಬೇಕೆಂದು ನನಗಿನ್ನೂ ತಿಳಿದಿರಲಿಲ್ಲ, ಬರೀ ನೋಡುತ್ತಿದ್ದೆ. ಬೆಂಚಿನ ಉದ್ದಕ್ಕೂ ಎಲೆ ಒಂದೇ ಸಮ. ಲಟ್ಟಣಿಗೆ ಎಡದಿಂದ ಬಲಕ್ಕೆ ವಾರವಾರವೂ ತುಂಬಿಕೊಳ್ಳುತ್ತ ಬಂದು, ಕೊನೆಯ ಚಿತ್ರದಲ್ಲಿ ಬಲತುದಿ ಮುಟ್ಟಿತ್ತು. ಹೋದದ್ದು ಬೇರೆ ತುದಿಯಿಂದ.

"ಮಾಸ್ತರ, ಇಲ್ಲಿ ನೋಡ್ರಿ" ಎಂದೆ. "ಚಿಗವ್ವಂದು ಬಲಗೈ. ಆಕಿದು ಹಿಡಿತ ಇದ್ದದ್ದು ಈ ಸೀಳಿನ ಕಡೆ. ಅದಕ್ಕ ಎಲ್ಲಾಕ್ಕಿಂತ ಕಡೀಕ ಬಿಟ್ಟದ್ದೂ ಇದ. ಇವತ್ತ ಇದು ಪೂರಾ ಬಿಟ್ಟೈತಿ. ಹೊಳ್ಳಿ ಆಕಿ ಕಡೆ ಹೊಂಟಿದ್ರ ಮೊದಲ ಹೋಗಬೇಕಾದ್ದು ಈ ತುದಿ. ಹೋದದ್ದು ಎಡಗಡೆದು."

ಒಬ್ಬೊಬ್ಬರೇ ತಲೆ ಎತ್ತಿ ಒಲೆಯ ಕಡೆ ನೋಡಿದರು. ದ್ರಾಕ್ಷಾಯಣಿ ತಿರುಗಿದಳು. ಅವಳ ಎಡಗೈ ತುಂಬ ಹಿಟ್ಟಿತ್ತು, ಅದನ್ನು ಸೆರಗಿಗೆ ಒರೆಸುತ್ತ ಇದ್ದವಳು ಒರೆಸುವುದನ್ನು ಮರೆತು ನಿಂತಳು.

ಮೊದಲು ನಕ್ಕದ್ದು ಗಂಗಮಾಳವ್ವ. ನಗು ಕೆಮ್ಮಾಯಿತು, ಕೆಮ್ಮಿನ ನಡುವೆಯೂ ನಕ್ಕಳು. "ಎಡಚಿ! ನಾ ಬಿಡೂ ಅಷ್ಟ ಪುರಸೊತ್ತ ಇರಲಿಲ್ಲೇನ ನಿನಗ?"

ಫಕೀರಪ್ಪ ಮಾಸ್ತರ ಕನ್ನಡಕ ತೆಗೆದು ಒರೆಸಿಕೊಂಡರು. "ಮುರಿಗೆಪ್ಪ, ಈಗ ಅಂದ್ಯಲ್ಲ ಒಂದ ಮಾತ, ಅದನ್ನ ಇ‍ನ್ನೊಮ್ಮೆ ಅನ್ನು."

"ಯಾವ ಮಾತ್ರಿ?"

"ಅರ್ಧಾ ಮೈ ಅಂತ."

ಮುರಿಗೆಪ್ಪ ಚಿತ್ರದ ಖಾಲಿ ಎಡಗಡೆಯ ಮೇಲೆ ಬೆರಳಿಟ್ಟ. ತೆಗೆದ. ಗೋಡೆಯನ್ನೊಮ್ಮೆ ನೋಡಿದ, ತಂತಿ ತೂಗುಹಾಕಲು ಮನಸ್ಸಿನಲ್ಲಿ ಗುರುತು ಮಾಡಿಟ್ಟ ಗೋಡೆ. ಅಷ್ಟು ವರ್ಷದ ಲೆಕ್ಕವನ್ನು ಅಳಿಸಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅವನ ಕಣ್ಣು ಅಲ್ಲೇ ಇತ್ತು.

"ಮೂಡದ್ದು ಮೈ" ಎಂದ ಕೊನೆಗೆ. "ಮೈನ ಕೊಡಾಕ ಬರೂದಿಲ್ಲ. ಕಸಗೊಳ್ಳಾಕೂ ಬರೂದಿಲ್ಲ. ನಾ ಏನ್ ಮಾಡ್ಲಿ, ಆಕಿ ಎಡಗೈ ಕಡದ ಒಯ್ಯಲೇನು?" ಆಮೇಲೆ ದ್ರಾಕ್ಷಾಯಣಿಯ ಕಡೆ ತಿರುಗಿ, ತುಸು ಸಿಟ್ಟಿನಿಂದಲೇ, "ಉಣ್ಣಾಕ ಏನರ ಐತೋ ಇಲ್ಲೋ? ಮುಂಜಾನಿಯಿಂದ ಬರೀ ಚಹಾ ಕುಡದೀವಿ" ಎಂದ.

ಪಂಚರು ತಲೆಯಾಡಿಸಿದರು.

ಆ ಮಳೆಗಾಲವನ್ನು ಗಂಗಮಾಳವ್ವ ದಾಟಿದಳು. ಒಂದು ಮಧ್ಯಾಹ್ನ, ಊಟದವರೆಲ್ಲ ಎದ್ದುಹೋದ ಮೇಲೆ, ನನ್ನನ್ನು ಕ್ಯಾಮೆರಾ ಸಮೇತ ಕರೆಸಿದಳು. ಹಿತ್ತಲ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಮಳೆ ಆಗಷ್ಟೇ ನಿಂತಿತ್ತು. ಕೈಯಲ್ಲಿ ಕೆಸುವಿನ ಎಲೆಯೊಂದನ್ನು ದೇಟು ಹಿಡಿದು ಎತ್ತಿಕೊಂಡಿದ್ದಳು.

"ಎಲ್ಲಾರ ಜೋಡಿ ಆತು, ನಂದ ಉಳೀತಲ್ಲ, ಇಂದೂ. ಲಟ್ಟಣಿಗಿ ಅಂತೂ ಈಗ ಆಕಿ ಮೈ. ಆದದ್ದೈತಿ ಕೈಯಾಗ, ಮಾಡಿದ್ದಂತ ಇಡಾಕ ನನ್ನ ಹತ್ರ ಏನೂ ಇಲ್ಲ."

"ಕುಂತ ಸ್ಟೂಲ್ ಐತಲ್ಲ, ಚಿಗವ್ವಾ."

ಅವಳು ಬಗ್ಗಿ ಸ್ಟೂಲನ್ನು ನೋಡಿದಳು, ಮೊದಲ ಸಲ ನೋಡುವಂತೆ. "ಹೌದಲ್ಲ. ನಂದ ಅಂತ ಇದೊಂದ" ಎಂದಳು. "ತಗಿ ಹಂಗಾರ. ಆದ್ರ ನನ್ನ ಎಬ್ಬಿಸಬ್ಯಾಡ, ಕುಂತಲ್ಲೆ ತಗಿ. ಇದನ್ನ ಮುರಿಗೆಪ್ಪಗ ಕೊಡ್ರಿ. ಜಾಗಾ ಬೇಕಂತಿದ್ದ. ಊಟಕ್ಕ ಬಂದಾಗ ಇದರ ಮ್ಯಾಲ ಕುಂದರ್ಲಿ, ಅಷ್ಟ ಜಾಗಾ ಅಂವಂದು."

ಒಳಗೆ ದ್ರಾಕ್ಷಾಯಣಿ ನಾಳೆಯ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಬಿಳಿ ರಟ್ಟನ್ನು ಎತ್ತಿ, ಮೋಡದ ಬೆಳಕನ್ನು ಎಲೆಯ ಕಡೆಗೆ ತುಸು ತಿರುಗಿಸಿದೆ.

ಈಗ ಆ ಚಿತ್ರ ಖಾನಾವಳಿಯ ಗೋಡೆಯ ಮೇಲಿದೆ, ಅದರ ಕೆಳಗೆ ಸ್ಟೂಲಿನ ಮೇಲೆ ಕೂತು ಮುರಿಗೆಪ್ಪ ದಿನಾ ಮಧ್ಯಾಹ್ನ ಚಪಾತಿ ತಿನ್ನುತ್ತಾನೆ. ಚಿತ್ರದಲ್ಲಿ ಸ್ಟೂಲ್ ಮೂಡಿದೆ, ಅದರ ಮೇಲೆ ಯಾರೂ ಇಲ್ಲ. ಸ್ಟೂಲಿನಿಂದ ಒಂದು ಮೊಳ ಮೇಲೆ, ಗಾಳಿಯಲ್ಲಿ, ಕೆಸುವಿನ ಎಲೆ ನಿಂತಿದೆ. ಎಲೆಯ ನಡುವೆ ಮಳೆಯ ಹನಿ. ಹತ್ತಿರ ಹೋಗಿ ನೋಡಿದರೆ ದೇಟು ಒಂದು ಕಡೆ ತುಸು ನಜ್ಜಿದ್ದು ಕಾಣುತ್ತದೆ, ಬಲ ಹೆಬ್ಬೆರಳು ಒತ್ತಿ ಹಿಡಿದಿದ್ದ ಕಡೆ.